ಬೂದಿ ಬೆರೆಸಿದ ನೀರು

ಶವ ಮುಟ್ಟಿದವನಿಗೆ ಏಳು ದಿನ ಮೈಲಿಗೆ. ಬೈಬಲಿನಲ್ಲಿ ಮೋಶೆಯ ಐದು ಗ್ರಂಥಗಳಲ್ಲಿ ನಾಲ್ಕನೆಯದಾದ ಅರಣ್ಯಕಾಂಡ, ಅದರ 19ನೇ ಅಧ್ಯಾಯದಲ್ಲಿ ಈ ಮೈಲಿಗೆ ಕಳೆಯುವ ಕ್ರಮವನ್ನು ವಿವರವಾಗಿ ಹೇಳುತ್ತದೆ. ಎಂದೂ ನೊಗ ಹೊರದ, ಊನವಿಲ್ಲದ ಕೆಂಪು ಹಸುವನ್ನು ಪಾಳೆಯದ ಹೊರಗೆ ಕೊಯ್ದು, ಚರ್ಮ, ಮಾಂಸ, ರಕ್ತ, ಸಗಣಿ ಸಮೇತ ಸುಡಬೇಕು. ಉರಿಯುವ ಬೆಂಕಿಗೆ ದೇವದಾರು ಕಟ್ಟಿಗೆ, ಹಿಸ್ಸೋಪ್ ಗಿಡ, ಕಡುಗೆಂಪು ದಾರ ಹಾಕಬೇಕು. ಆ ಬೂದಿಯನ್ನು ಹರಿಯುವ ನೀರಿನಲ್ಲಿ ಬೆರೆಸಿ, ಮೂರನೆಯ ಮತ್ತು ಏಳನೆಯ ದಿನ ಹಿಸ್ಸೋಪ್ ಕಟ್ಟಿನಿಂದ ಚಿಮುಕಿಸಬೇಕು. ಆಮೇಲೆ ಸ್ನಾನ, ಸಂಜೆಗೆ ಶುದ್ಧಿ.

ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಮಾತು. ಹಸುವನ್ನು ಸುಟ್ಟವನು, ಬೂದಿ ಬಾಚಿದವನು, ಆ ನೀರು ಮುಟ್ಟಿದವನು ಎಲ್ಲರೂ ಸಂಜೆಯವರೆಗೆ ಅಶುದ್ಧರು. ಶುದ್ಧನಾಗಿ ಬಂದವನು ಇನ್ನೊಬ್ಬನ ಮೈಲಿಗೆ ಕಳೆಯಲು ಹೋಗಿ ತಾನು ಮೈಲಿಗೆಯಾಗುತ್ತಾನೆ. ಇದು ಹೇಗೆಂದು ತಮ್ಮ ಶಿಷ್ಯರು ಕೇಳಿದಾಗ ಯೆಹೂದಿ ಗುರು ರಬ್ಬಿ ಯೋಹಾನಾನ್ ಬೆನ್ ಝಕ್ಕಾಯ್, ಶವಕ್ಕೆ ಕೆಡಿಸುವ ಶಕ್ತಿಯೂ ಇಲ್ಲ, ನೀರಿಗೆ ತೊಳೆಯುವ ಶಕ್ತಿಯೂ ಇಲ್ಲ, ಇದು ದೇವರ ಕಟ್ಟಳೆ ಅಷ್ಟೆ ಎಂದರಂತೆ. ಪ್ರಾಮಾಣಿಕ ಉತ್ತರ.

ಈ ಮೈಲಿಗೆ ಪಾಪದ ಗುರುತಲ್ಲ. ತಂದೆಯನ್ನು ಮಣ್ಣು ಮಾಡುವುದು ಮಗನ ಕರ್ತವ್ಯ. ಆ ಕರ್ತವ್ಯ ಮಾಡಿದವನಿಗೂ ಏಳು ದಿನ. ಇದು ಹುಟ್ಟಿನಿಂದ ಅಂಟಿದ್ದೂ ಅಲ್ಲ, ಇಸ್ರಾಯೇಲ್ಯರ ನಡುವೆ ನೆಲೆಸಿದ ಪರದೇಶಿಗೂ ಇದೇ ವಿಧಿ. ಜಾತಿಯ ಮಡಿ-ಮೈಲಿಗೆಯನ್ನು ಕಂಡುಂಡ ನಾವು ಈ ವ್ಯತ್ಯಾಸವನ್ನು ಗಮನಿಸಲೇಬೇಕು.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯವನ್ನು ನಾನು ಅರಣ್ಯಕಾಂಡದ ಈ ಅಧ್ಯಾಯದ ಪಕ್ಕದಲ್ಲಿಟ್ಟೇ ಓದುತ್ತೇನೆ. ಊಟದ ನಡುವೆ ಯೇಸು ಎದ್ದು, ಮೇಲುಡುಗೆ ತೆಗೆದಿಟ್ಟು, ನಡುವಿಗೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಪಾದ ತೊಳೆಯುತ್ತಾನೆ. ಅದು ಆಳಿನ ಕೆಲಸ. ಪೇತ್ರ ಒಲ್ಲೆನೆನ್ನುತ್ತಾನೆ. ಹಿಡಿದುಕೊಡಲಿರುವ ಯೂದನೂ ಆ ಪಂಕ್ತಿಯಲ್ಲೇ ಇದ್ದಾನೆ, ಇನ್ನೂ ಎದ್ದು ಹೋಗಿಲ್ಲ. ಇಲ್ಲಿಯೂ ತೊಳೆಯುವವನೇ ಕೆಳಗಿಳಿಯಬೇಕು.

ಪವಿತ್ರ ಗುರುವಾರದಂದು ಚರ್ಚುಗಳಲ್ಲಿ ಈ ಪಾದಕ್ಷಾಲನೆ ಇಂದಿಗೂ ನಡೆಯುತ್ತದೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ರೋಮಿನ ಕಾಸಾಲ್ ದೆಲ್ ಮಾರ್ಮೊ ಬಾಲಾಪರಾಧಿಗಳ ಸೆರೆಮನೆಯಲ್ಲಿ ನಡೆಸಿದರು. ಪಾದ ಚಾಚಿದ ಹನ್ನೆರಡು ಮಂದಿಯಲ್ಲಿ ಇಬ್ಬರು ಹುಡುಗಿಯರು. ಕ್ಯಾಥೊಲಿಕ್ ವಿಧಿಯಲ್ಲಿ ಗಂಡಸರ ಪಾದ ಎಂದೇ ಬರೆದಿದ್ದರಿಂದ ಆಕ್ಷೇಪಗಳೂ ಎದ್ದವು. 2016ರ ಜನವರಿಯಲ್ಲಿ ವ್ಯಾಟಿಕನ್ ಆ ವಿಧಿಯನ್ನೇ ತಿದ್ದಿ, ಹೆಂಗಸರಿಗೂ ಅಲ್ಲಿ ಜಾಗ ಮಾಡಿಕೊಟ್ಟಿತು.