ಹತ್ತು ನಿಮಿಷ ಎಂಜಿನ್ ಕಾಯಿಸಬೇಕಿಲ್ಲ

ಹೊಸ ಕಾರನ್ನು ದಿನಾ ಬೆಳಿಗ್ಗೆ ಹತ್ತು ನಿಮಿಷ ನಿಂತಲ್ಲೇ ಚಾಲೂ ಇಡಬೇಕು, ರಾತ್ರಿ ಕೆಳಗಿಳಿದ ಆಯಿಲ್ ಮೇಲೇರುವ ಮೊದಲೇ ಹೊರಟರೆ ಎಂಜಿನ್ ಸವೆಯುತ್ತದೆ ಎಂಬುದು ಲೇಖನವೊಂದರ ವಾದ. ಆಯಿಲ್ ಕೆಳಗಿಳಿಯುವುದು ನಿಜ. ಆದರೆ ಪಂಪಿಗೆ ಅದನ್ನು ಮೇಲೆತ್ತಲು ಕೆಲವೇ ಸೆಕೆಂಡು ಸಾಕು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಎಷ್ಟು ಬೇಗ ಆರುತ್ತದೆಂದು ನೋಡಿ.

ಚೋಕ್ ಎಳೆದು ಕಾಯುತ್ತಿದ್ದುದು ಕಾರ್ಬ್ಯುರೇಟರಿನ ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ. 2020ರಿಂದ ಬರುತ್ತಿರುವ ಬಿಎಸ್-6 ಕಾರಿನಲ್ಲಿ ಸೆನ್ಸರ್‌ಗಳೇ ಇಂಧನದ ಲೆಕ್ಕ ನೋಡಿಕೊಳ್ಳುತ್ತವೆ. ನಿಂತಲ್ಲೇ ಓಡುವ ತಣ್ಣಗಿನ ಎಂಜಿನ್ ಬಿಸಿಯಾಗುವುದೇ ನಿಧಾನ. ಅಷ್ಟು ಹೊತ್ತೂ ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ. ಸವೆತ ತಪ್ಪಿಸಲು ಹೇಳಿದ ಉಪಾಯವೇ ಸವೆತಕ್ಕೆ ದಾರಿ. ಕುಂದಾಪುರದ ಬಳಿಯ ನಮ್ಮ ಗುಲ್ವಾಡಿಯಂಥ ಸೆಕೆಯ ಊರಿಗೆ ಅರ್ಧ ನಿಮಿಷ ಧಾರಾಳವಾಯಿತು. ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಹೋಗಿ.

ಲೇಖಕರು ಜೀವಭಯವನ್ನೇ ಮರೆತಿದ್ದಾರೆ. ನಮ್ಮಲ್ಲಿ ಮಳೆಗೆಂದು ಮೂರು ಬದಿ ಮುಚ್ಚಿದ ಶೆಡ್ಡು ಮನೆಗೆ ತಾಗಿಯೇ ಇರುತ್ತದೆ. ಅಲ್ಲಿ ಹತ್ತು ನಿಮಿಷ ಎಂಜಿನ್ ಓಡಿದರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕಿಟಕಿಯಿಂದ ಒಳಗೆ ನುಗ್ಗಬಹುದು. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕ್ಲಚ್ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಗೇರಿನಲ್ಲಿರುವ ಕಾರು ಕೀಲಿ ತಿರುಗಿಸಿದೊಡನೆ ಅಂಗಳದ ಮಗುವಿನತ್ತ ನೆಗೆಯಬಲ್ಲದು.

ಬೆಂಗಳೂರು, ಮುಂಬೈಯ ಹೋಟೆಲಿಗೆ ದುಡಿಯಲು ಹೋದವರ ಕಾರು ಊರಲ್ಲೇ ನಿಂತಿದ್ದರೆ? ಶೆಡ್ಡಿನಲ್ಲೇ ಗುರುಗುಟ್ಟಿಸಿದರೆ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ. ಮನೆಯವರು ಯಾರಾದರೂ ವಾರಕ್ಕೊಮ್ಮೆ ಕುಂದಾಪುರಕ್ಕೆ ಹೋಗಿ ಬರಲಿ, ಅಡಿಭಾಗದ ಕೆಂಪು ಮಣ್ಣು ತೊಳೆಯಲಿ, ಬಾನೆಟ್ ಎತ್ತಿ ಇಲಿ ವೈರು ಕಡಿದಿದೆಯೇ ನೋಡಲಿ. ಕಾರು ಹೊಸದಾದರೆ ಮೊದಲ ಸಾವಿರ ಕಿಲೋಮೀಟರ್ ಎಂಜಿನ್ನನ್ನು ಅರಚಿಸಬೇಡಿ. ಸರ್ವಿಸಿನ ದಿನ, ಆಯಿಲಿನ ದರ್ಜೆ ಎಲ್ಲವೂ ಕಾರಿನ ಜೊತೆ ಬಂದ ಕೈಪಿಡಿಯಲ್ಲಿದೆ.