ಫಿಲ್ಮಿನ ಸೊಬಗೆಂಬ ವಾದ

ಫಿಲ್ಮಿನ ಪಟಕ್ಕಿರುವ ಸೊಬಗು ಡಿಜಿಟಲ್ ಪಟಕ್ಕೆ ಬಾರದೆಂದು ಸಾಧಿಸಹೊರಟ ರಸಿಕರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವುದುಂಟು. ತೋರಿಸುವುದೆಲ್ಲಿ? ಗಣಕಯಂತ್ರದ ತೆರೆಯ ಮೇಲೆ! ಸ್ಕ್ಯಾನರಿಗೆ ಒಡ್ಡಿ ಅಂಕಿಗಳನ್ನಾಗಿ ಮಾಡದೆ ಫಿಲ್ಮು ಅಲ್ಲಿಗೆ ಬರುವ ಬಗೆಯೇ ಇಲ್ಲ. ಹಾಗಾದರೆ ಅವರು ಹೊಗಳುವುದು ಫಿಲ್ಮನ್ನೋ, ಸ್ಕ್ಯಾನರನ್ನೋ, ಅದನ್ನು ನಡೆಸಿದವನ ಕಣ್ಣನ್ನೋ? ಬಣ್ಣದ ಫಿಲ್ಮಿನಲ್ಲಿ ಬೆಳ್ಳಿಯ ಕಣಗಳನ್ನು ಕಂಡು ಕೊಂಡಾಡುವವರಿಗಂತೂ ಏನೆನ್ನಬೇಕು! ಸಂಸ್ಕರಣದಲ್ಲಿ ಬೆಳ್ಳಿಯೆಲ್ಲ ತೊಳೆದುಹೋಗಿ ಅಲ್ಲಿ ಉಳಿಯುವುದು ಬಣ್ಣ ಮಾತ್ರ.

ಭೇದವೇ ಇಲ್ಲವೆಂದಲ್ಲ. ಬೆಳಕು ಮಿತಿಮೀರಿದೆಡೆ ಡಿಜಿಟಲ್ ಸಂವೇದಕವು ತುಂಬಿದ ಕೊಡದಂತೆ. ಮೇಲೆ ಸುರಿದುದೆಲ್ಲ ವ್ಯರ್ಥವಾಗಿ ಬರಿಯ ಬಿಳುಪು ಉಳಿಯುವುದು. ನೆಗೆಟಿವ್ ಫಿಲ್ಮಾದರೋ ಮೆಲ್ಲಮೆಲ್ಲನೆ ತಣಿಯುತ್ತ ಮೋಡದ ಅಂಚನ್ನು ಉಳಿಸಿಕೊಡುತ್ತದೆ. ನೆರಳಿನ ವಿವರದಲ್ಲಿ ಮೇಲುಗೈ ಡಿಜಿಟಲಿನದೇ. ಆದರೆ ಈ ತಾಳ್ಮೆ ನೆಗೆಟಿವಿನದೇ ಹೊರತು ಫಿಲ್ಮುಜಾತಿಯದಲ್ಲ: 1935ರಲ್ಲಿ ಬಂದು 2009ರಲ್ಲಿ ತಯಾರಿಕೆ ನಿಂತ ಕೊಡಾಕ್ರೋಮಿನಂತಹ ಸ್ಲೈಡ್ ಫಿಲ್ಮು ಬೆಳಕು ತುಸು ಹೆಚ್ಚಾದರೂ ಸಹಿಸದು. ಎರಡನ್ನೂ ಒಂದೇ ಸೊಬಗಿನ ಹೆಸರಿನಲ್ಲಿ ಕಟ್ಟುವುದು ಯಾವ ರಸಿಕತೆ?

ಇವರ ಮಾತಿಗೆ ಮರುಳಾದ ಎಳೆಯರು ಕೈಯಲ್ಲಿರುವ ಕ್ಯಾಮೆರಾವನ್ನು ಹಳಿದು, ರೋಲುಗಳಿಗೆ ಹಣ ಸುರಿದು, ಬಂದ ಪಟವನ್ನು ಅಂಗೈಯಗಲದ ಮೊಬೈಲಿನಲ್ಲಿ ನೋಡಿ ಮರೆಯುತ್ತಾರೆ. ಮನೆಯ ಪೆಟ್ಟಿಗೆಯಲ್ಲಿ ಬಣ್ಣಗೆಡುತ್ತಿರುವ ಅಜ್ಜ ಅಜ್ಜಿಯರ ನೆಗೆಟಿವುಗಳನ್ನು ಒಮ್ಮೆಯಾದರೂ ಬೆಳಕಿಗೆ ಹಿಡಿದು ನೋಡಿದವರು ಅವರಲ್ಲೆಷ್ಟು ಮಂದಿ?