ಮನೆವಾರ್ತೆ: ಹಲಗೆ ಕೊಳ್ಳುವ ಮುನ್ನ ಕಾಗದದ ಮೇಲೆ ಕೊಯ್ಯಿರಿ

ಮಳೆ ನಿಂತು, ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಆಯಿತೆಂದರೆ ಅದರ ಹಿಂದೆಯೇ ಮರಗೆಲಸದ ಮಾತು ಏಳುತ್ತದೆ. ಅಡುಗೆಮನೆಗೊಂದು ಬೀರು, ಮಕ್ಕಳ ಪುಸ್ತಕಕ್ಕೊಂದು ಹಲಗೆ, ದೇವರಿಗೊಂದು ಮಂಟಪ. ಅಂಗಡಿಗೆ ಹೋಗುವವರು ಯಜಮಾನರು, ಅಳತೆ ಹೇಳುವವರು ಆಚಾರ್ರು. ಆದರೆ ಮುಂದೆ ವರ್ಷಗಟ್ಟಲೆ ಆ ಬೀರುವಿನೊಂದಿಗೆ ಏಗುವವರು ನಾವು! ಮರದ ವಿಷಯ ನಮಗೂ ನಾಲ್ಕಕ್ಷರ ತಿಳಿದಿದ್ದರೆ ಒಳ್ಳೆಯದಲ್ಲವೇ?

ಅರಸೀಕೆರೆ ಕಡೆಯ ಸೋದರಿಯೊಬ್ಬರು ಹೀಗೆ ಕೇಳಿದ್ದಾರೆ: "ಅಡುಗೆಮನೆಗೆ ನಾಲ್ಕಡಿ ಎತ್ತರ, ಮೂರಡಿ ಅಗಲ, ಒಂದಡಿ ಆಳದ ಬೀರು ಬೇಕು. ಚೀಟಿ ಎತ್ತಿದ ಹಣ ಒಂದು ದಪ್ಪ ಪ್ಲೈವುಡ್ ಹಲಗೆಗೂ ಕೂಲಿಗೂ ಸರಿಹೋಗುತ್ತೆ. ಆಚಾರ್ರು ಎರಡು ಬೇಕೇ ಬೇಕು ಅಂತಾರೆ. 'ಅವರಿಗಿಂತ ನಿನಗೆ ಗೊತ್ತಾ?' ಅಂತ ಮನೆಯವರು ನಗ್ತಾರೆ. ನಮಗೆ ಟೋಪಿ ಹಾಕ್ತಾ ಇದ್ದಾರಾ, ಹೇಗೆ ತಿಳಿಯೋದು ಅಕ್ಕಾ?"

ಸೋದರಿ, ಯಾರನ್ನೂ ಅನುಮಾನಿಸುವ ಮೊದಲು ಮಗುವಿನ ಗಣಿತದ ಚೌಕುಳಿ ಪುಸ್ತಕದಿಂದ ಒಂದು ಹಾಳೆ ತೆಗೆದುಕೊಳ್ಳಿ.

ಲೆಕ್ಕ ಹೀಗೆ

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ದೊಡ್ಡ ಹಲಗೆ 8 ಅಡಿ ಉದ್ದ, 4 ಅಡಿ ಅಗಲ. ಅಂದರೆ 96 ಅಂಗುಲ, 48 ಅಂಗುಲ. ಒಂದು ಚೌಕಕ್ಕೆ 4 ಅಂಗುಲ ಎಂದುಕೊಂಡರೆ ಉದ್ದಕ್ಕೆ 24 ಚೌಕ, ಅಗಲಕ್ಕೆ 12 ಚೌಕ. ಅಷ್ಟಕ್ಕೆ ಗೆರೆ ಎಳೆಯಿರಿ. ಇದೇ ನಿಮ್ಮ ಹಲಗೆ.

ಇದನ್ನು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಬೇಕು. ತಲಾ 12 ಅಂಗುಲ ಬರುತ್ತದೆ ಎನ್ನಬೇಡಿ! ಪ್ರತಿ ಕೊಯ್ತದಲ್ಲೂ ಸುಮಾರು 3 ಮಿ.ಮೀ. ಮರ ಗರಗಸದ ಬಾಯಿಗೆ ಹೋಗಿ ಪುಡಿಯಾಗುತ್ತದೆ. ಅದಕ್ಕೇ ಪಟ್ಟಿಯ ಅಗಲ 11¾ ಅಂಗುಲ ಇಟ್ಟುಕೊಳ್ಳಿ.

ಮೊದಲನೆಯ ಪಟ್ಟಿಯಲ್ಲಿ ಬೀರುವಿನ ಎರಡು ಪಕ್ಕೆಗಳು, ತಲಾ 47½ ಅಂಗುಲ. ಇನ್ನು ಅಡ್ಡ ಹಲಗೆಗಳು. ಮೂರಡಿ ಅಗಲದಲ್ಲಿ ಎರಡು ಪಕ್ಕೆಗಳ ದಪ್ಪ ಕಳೆಯಬೇಕು. 19 ಮಿ.ಮೀ. ಎಂದರೆ ಹತ್ತಿರ ಹತ್ತಿರ ಮುಕ್ಕಾಲು ಅಂಗುಲ; ಎರಡಕ್ಕೆ ಒಂದೂವರೆ. ಉಳಿದದ್ದು 34½ ಅಂಗುಲ. ತಲೆಗೊಂದು, ಬುಡಕ್ಕೊಂದು, ನಡುವೆ ಮೂರು, ಒಟ್ಟು ಐದು. ಎರಡನೆಯ ಮತ್ತು ಮೂರನೆಯ ಪಟ್ಟಿಯಲ್ಲಿ ಎರಡೆರಡು, ನಾಲ್ಕನೆಯದರಲ್ಲಿ ಒಂದು. ಎಲ್ಲ ಮುಗಿದ ಮೇಲೂ 27 ಅಂಗುಲದ ಎರಡು ತುಂಡು, 61 ಅಂಗುಲದ ಒಂದು ತುಂಡು ಉಳಿಯುತ್ತದೆ.

ಹಾಗಾದರೆ ಆಚಾರ್ರು ಸುಳ್ಳು ಹೇಳಿದರೇ? ಇಲ್ಲ. ಬಾಗಿಲುಗಳನ್ನು ಮರೆಯಬೇಡಿ. ಒಂದೊಂದು ಬಾಗಿಲೂ ಸುಮಾರು 18 ಅಂಗುಲ ಅಗಲ; ಉಳಿದ ತುಂಡುಗಳ ಅಗಲ 11¾ ಮಾತ್ರ. ಎರಡನೆಯ ಹಲಗೆ ಬೇಕಾಗುವುದು ಬಾಗಿಲಿಗೆ. ಅವರ ಲೆಕ್ಕವೂ ಸರಿ, ನಿಮ್ಮ ಲೆಕ್ಕವೂ ಸರಿ!

ಈಗ ಬೀರುವಿನ ಮೈ ಮಾಡಿಸಿ, ಬಾಗಿಲು ಮುಂದಿನ ಚೀಟಿಗೆ ಇರಲಿ. ಅಲ್ಲಿಯವರೆಗೆ ಹಳೆಯ ಹತ್ತಿ ಸೀರೆಯ ಪರದೆ ಸಾಕು. ಒಲೆಯ ಪಕ್ಕದಲ್ಲಿದ್ದರೆ ಮಾತ್ರ ಪರದೆ ಬೇಡ. ಬೆನ್ನಿಗೆ 4 ಅಥವಾ 6 ಮಿ.ಮೀ. ತೆಳು ಹಲಗೆ ಬಿಡಬೇಡಿ, ಬೀರು ಓಲಾಡದಂತೆ ಹಿಡಿಯುವುದು ಅದೇ. ಕೆಲವು ಅಂಗಡಿಯವರು ಅರ್ಧ ಹಲಗೆ ಕೊಯ್ದು ಕೊಡುತ್ತಾರೆ, ಕೇಳಿ ನೋಡಿ.

ಹಲಗೆ ಆರಿಸುವಾಗ

ಪ್ಲೈವುಡ್ ಎಂದರೆ ತೆಳು ಮರದ ಪದರಗಳನ್ನು ಒಂದರ ಮೇಲೊಂದು ಅಡ್ಡ-ಉದ್ದ ಎಳೆ ಬರುವಂತೆ ಅಂಟಿಸಿದ ಹಲಗೆ. ಮರ ಎಷ್ಟು ಮುಖ್ಯವೋ ಅಂಟೂ ಅಷ್ಟೇ ಮುಖ್ಯ. ಎಂ.ಆರ್. ಎಂದು ಬರೆದಿರುವುದು ಗಾಳಿಯ ತೇವ ತಡೆಯುತ್ತದೆ, ನೀರನ್ನಲ್ಲ. ಪುಸ್ತಕದ ಬೀರುವಿಗೆ ಸಾಕು. ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ, ಬಚ್ಚಲ ಹತ್ತಿರ ಇಡುವುದಾದರೆ ಮರೀನ್ ಎನ್ನುವ ಬಿ.ಡಬ್ಲ್ಯು.ಪಿ. ಹಲಗೆಯೇ ಆಗಬೇಕು. ಮಾತು ನಂಬಬೇಡಿ, ಮುದ್ರೆ ನೋಡಿ: ಐ.ಎಸ್.ಐ. ಗುರುತಿನ ಮೇಲೆ ಎಂ.ಆರ್. ಹಲಗೆಗೆ 303, ಮರೀನ್ ಹಲಗೆಗೆ 710 ಎಂಬ ಸಂಖ್ಯೆ ಇರುತ್ತದೆ.

ಮರೀನ್ ಹಲಗೆಯ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು ಎಂಬುದು ನಿಯಮ. ನಾವು ಅಷ್ಟು ಗ್ಯಾಸು ಸುಡಬೇಕಿಲ್ಲ. ಅಂಗಡಿಯಿಂದ ಒಂದು ಚೂರು ತಂದು, ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ, ಕಿಟಕಿ ತೆರೆದಿಟ್ಟು ಎರಡು ಗಂಟೆ ಕುದಿಸಿ. ಪದರ ಬಿಚ್ಚಿಕೊಂಡರೆ ಅದು ಮರೀನ್ ಅಲ್ಲ, ಅಷ್ಟೇ.

ಅಂಗಡಿಯಲ್ಲೇ ಹಲಗೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಪದರಗಳ ನಡುವೆ ಸಂದು ಇರಬಾರದು. ನಾಣ್ಯದಿಂದ ತಟ್ಟಿ, ತೆಂಗಿನಕಾಯಿ ತಟ್ಟಿ ನೋಡುವ ಕಿವಿ ನಮಗೆ ಇದ್ದೇ ಇದೆ, ಟೊಳ್ಳು ಸದ್ದು ಗೊತ್ತಾಗುತ್ತದೆ. ದಪ್ಪವನ್ನು ನೀವೇ ಅಳೆಯಿರಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೆದರೆ ಅಳತೆ ಒಂದೇ ಬರಬೇಕು. ಬರದಿದ್ದರೆ ಹಲಗೆ ಸೊಟ್ಟ.

ಗಟ್ಟಿ ಮರ ಬೇಕಿದ್ದರೆ

ಬೀರುವಿನ ಅಡಿಗೆ ನಾಲ್ಕಂಗುಲ ಎತ್ತರದ ಗಟ್ಟಿ ಮರದ ಚೌಕಟ್ಟು ಕೊಡಿಸಿ. ನೆಲ ಒರೆಸಿದ ನೀರು ಹಲಗೆಗೆ ತಾಗುವುದಿಲ್ಲ, ಗೆದ್ದಲು ಹತ್ತಿದರೂ ಬೇಗ ಕಾಣುತ್ತದೆ. ತೇಗವೇ ಆಗಬೇಕೆಂದಿಲ್ಲ. ನಮ್ಮ ಹಲಸು ಒಳ್ಳೆಯ ಮರ, ವೀಣೆಯ ಬುರುಡೆಗೂ ಅದೇ. ಹೊನ್ನೆ ಗಟ್ಟಿ, ಆದರೆ ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ. ಮತ್ತಿ ಭಾರ, ಸರಿಯಾಗಿ ಒಣಗದಿದ್ದರೆ ಸೀಳುತ್ತದೆ. ಮಾವು ಅಗ್ಗ, ಆದರೆ ಹುಳುವಿಗೆ ಪ್ರೀತಿ.

ಯಾವ ಮರವಾದರೂ ಒಳಗಿನ ಗಾಢ ಬಣ್ಣದ ಚೇಗು ಆರಿಸಿ. ಹೊರಗಿನ ಬಿಳಿ ಭಾಗಕ್ಕೆ ಹುಳು ಮೊದಲು ಬೀಳುತ್ತದೆ. ಮರದ ಬೆಲೆ ಘನ ಅಡಿಗೆ. ಉದ್ದವನ್ನು ಅಡಿಯಲ್ಲಿ, ಅಗಲ ದಪ್ಪಗಳನ್ನು ಅಂಗುಲದಲ್ಲಿ ಗುಣಿಸಿ 144ರಿಂದ ಭಾಗಿಸಿ. 8 ಅಡಿ ಉದ್ದ, 3 ಅಂಗುಲ ಅಗಲ, 2 ಅಂಗುಲ ದಪ್ಪದ ತುಂಡು 48 ಭಾಗ 144, ಅಂದರೆ ಘನ ಅಡಿಯ ಮೂರನೆಯ ಒಂದು ಪಾಲು. ಈ ಲೆಕ್ಕ ಬಾಯಲ್ಲಿದ್ದರೆ ಸಾ ಮಿಲ್ಲಿನಲ್ಲಿ ಬಿಲ್ಲು ನೋಡಿ ಗಾಬರಿಯಾಗಬೇಕಿಲ್ಲ.

ಕೊಯ್ಯುವಾಗ

* ಅಡ್ಡ ಹಲಗೆಗಳಲ್ಲಿ ಮೇಲ್ಮೈಯ ಎಳೆ ಉದ್ದಕ್ಕೇ ಇರಲಿ, ಭಾರ ತಾಳುತ್ತದೆ. ಹಲಗೆ ಮೂರಡಿಗಿಂತ ಉದ್ದವಾದರೆ ನಡುವೆ ಊರುಗಂಬ ಬೇಕು. ಅಕ್ಕಿ ಡಬ್ಬ ಯಾವತ್ತೂ ಕೆಳಗೇ.

* ಗೆರೆಯ ಮೇಲೆ ಅಂಟು ಪಟ್ಟಿ ಹಚ್ಚಿ ಕೊಯ್ದರೆ ಅಂಚು ಸಿಬಿರೇಳುವುದು ಕಡಿಮೆ. ಕೈ ಗರಗಸವಾದರೆ ಹಲಗೆಯ ಚೆಂದದ ಮುಖ ಮೇಲಕ್ಕೆ, ಕೈಯಲ್ಲಿ ಹಿಡಿದು ಓಡಿಸುವ ವಿದ್ಯುತ್ ಗರಗಸವಾದರೆ ಕೆಳಕ್ಕೆ.

* ಕೊಯ್ಯುವುದು ಮನೆಯ ಹೊರಗೆ ಆಗಲಿ, ಮೂಗಿಗೆ ಬಟ್ಟೆ ಇರಲಿ, ಮಕ್ಕಳು ದೂರ ಇರಲಿ.

* ಕೊಯ್ದ ಅಂಚಿಗೆಲ್ಲ ಪ್ರೈಮರ್ ಬಳಿಸಿ. ನೀರು ನುಗ್ಗುವುದು ಅಂಚಿನಿಂದಲೇ.

* ಹೊಸ ಬೀರುವಿನ ಘಾಟು ಅಂಟಿನದು. ನಾಲ್ಕಾರು ದಿನ ಗಾಳಿಗೆ ತೆರೆದಿಟ್ಟು ಆಮೇಲೆ ಬೇಳೆಕಾಳು ತುಂಬಿ.

ಅರಸೀಕೆರೆಯ ಸೋದರಿ, ಆ ಚೌಕುಳಿ ಹಾಳೆಯನ್ನು ಆಚಾರ್ರ ಕೈಗೆ ಕೊಡಿ. "ಟೋಪಿ" ಮಾತು ಬೇಡ. "ನನ್ನ ಲೆಕ್ಕ ಹೀಗೆ ಬಂದಿದೆ, ಸ್ವಲ್ಪ ನೋಡಿ ಹೇಳ್ತೀರಾ?" ಎನ್ನಿ ಸಾಕು. ಕೆಲಸ ಬಲ್ಲವರು ಹಾಳೆ ನೋಡಿ ಸಿಟ್ಟಾಗುವುದಿಲ್ಲ. ಆ ಹೊತ್ತಿಗೆ ಮನೆಯವರೂ ಎದುರಿಗೆ ಇರುವಂತೆ ನೋಡಿಕೊಳ್ಳಿ. ಉಳಿದ 27 ಅಂಗುಲದ ತುಂಡುಗಳಲ್ಲಿ ಸಾಂಬಾರ ಡಬ್ಬಿಗಳಿಗೆ ಒಂದು ಚಿಕ್ಕ ಹಲಗೆ ಆಗುತ್ತದೆ, ಹಾಗೇ ಬಿಟ್ಟು ಬರಬೇಡಿ.

ಮುಂದಿನ ಸಂಚಿಕೆಯಲ್ಲಿ: ಬೀರುವಿಗೆ ಬಣ್ಣವೋ, ಪಾಲಿಶ್ಶೋ?